ಕಣ್ಣಿನ ಆಪರೇಷನ್‌ಗೆ ಲೆಕ್ಕ ಉಂಟು, ಕೈಹಿಡಿದು ನಡೆಸುವವರಿಗೆ?

ಮಂಗಳೂರಿನಲ್ಲಿ ಆಸ್ಪತ್ರೆಗೆ ಬರ ಇಲ್ಲ. ಸುಳ್ಯದಿಂದ ಮುಕ್ಕದವರೆಗೆ ದಕ್ಷಿಣ ಕನ್ನಡ ಒಂದೇ ಜಿಲ್ಲೆಯಲ್ಲಿ ಎಂಟು ಮೆಡಿಕಲ್ ಕಾಲೇಜುಗಳಿವೆ. 1848ರಲ್ಲಿ ಶುರುವಾದ ವೆನ್ಲಾಕ್ ಜಿಲ್ಲಾಸ್ಪತ್ರೆ ಊರಿನ ನಟ್ಟನಡುವೆ ಇದೆ. ಆಚೆ ಕಾಸರಗೋಡಿನಿಂದಲೂ ಜನ ಇಲ್ಲಿಗೇ ಬರುತ್ತಾರೆ. ‘ಕಣ್ಣಿಗೆ ಪೊರೆ ಬಂದಿದೆ’ ಅಂದರೆ ಆಪರೇಷನ್ ಮಾಡಿಸಿಕೊಳ್ಳೋದು ಈ ಊರಲ್ಲಿ ದೊಡ್ಡ ಸಾಹಸವೇನಲ್ಲ. ಹಾಗಿದ್ದರೂ 72ರ ಗಂಡನ ಕಣ್ಣು ಮಂಜಾದರೆ 66ರ ಹೆಂಡತಿಯ ಇಡೀ ದಿನಚರಿ ಯಾಕೆ ಬುಡಮೇಲಾಗುತ್ತದೆ?

ಯಾಕೆಂದರೆ ಆಪರೇಷನ್ ಥಿಯೇಟರ್‌ನಿಂದ ಆಚೆಗೆ ನಡೆಯುವ ಕೆಲಸ ಯಾವ ಇಲಾಖೆಯ ಲೆಕ್ಕದಲ್ಲೂ ಇಲ್ಲ. ಹೊತ್ತುಹೊತ್ತಿಗೆ ಡ್ರಾಪ್ಸ್ ಬಿಡುವುದು, ಬೂತಾಯಿಯ ಮುಳ್ಳು ಬಿಡಿಸಿ ತಟ್ಟೆಗೆ ಹಾಕುವುದು, ಬ್ಯಾಂಕಿನ ಮೆಸೇಜ್ ಓದಿ ಹೇಳುವುದು, ರಾತ್ರಿ ಬಚ್ಚಲಿಗೆ ಹೋಗುವಾಗ ಎದ್ದು ಲೈಟ್ ಹಾಕುವುದು. ಇದನ್ನೆಲ್ಲ ಮಾಡುವವರು ಸಾಮಾನ್ಯವಾಗಿ ಇನ್ನೊಬ್ಬ ವಯಸ್ಸಾದವರು. ಅವರ ಕಣ್ಣಿಗೂ ಚಾಳೀಸು ಬಂದಿರುತ್ತದೆ, ಅವರ ಮಂಡಿಯೂ ನೋಯುತ್ತಿರುತ್ತದೆ. ಮಕ್ಕಳು ಬೆಂಗಳೂರಲ್ಲೋ ಮುಂಬೈಯಲ್ಲೋ ಗಲ್ಫ್‌ನಲ್ಲೋ ಇರುತ್ತಾರೆ. ಇದು ಕರಾವಳಿಯ ಮನೆಮನೆಯ ಕಥೆ. ಇದನ್ನು ಬರೀ ಮನೆಯ ಕಥೆ ಅಂತ ಬಿಟ್ಟುಬಿಡೋದರಲ್ಲೇ ಒಂದು ರಾಜಕಾರಣ ಇದೆ.

ಗುರಿ ಇರೋದು ಆಪರೇಷನ್‌ಗೆ

ಕಣ್ಣಿನ ಆರೋಗ್ಯದಲ್ಲಿ ಭಾರತ ಮಾಡಿದ ಕೆಲಸ ಸಣ್ಣದಲ್ಲ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 1976ರಲ್ಲಿ. ಅದಕ್ಕೂ ಮೊದಲೇ ಕರ್ನಾಟಕದ ಡಾ. ಎಂ.ಸಿ. ಮೋದಿ ಊರೂರು ತಿರುಗಿ ಶಿಬಿರಗಳಲ್ಲಿ ಸಾಲುಸಾಲಾಗಿ ಪೊರೆ ತೆಗೆದು ಬಡವರಿಗೆ ಕಣ್ಣು ಕೊಟ್ಟಿದ್ದರು. ಇತ್ತೀಚಿನ ದೊಡ್ಡ ಗುರಿ ಅಂದರೆ 2022ರಿಂದ 2025ರ ನಡುವಿನ ರಾಷ್ಟ್ರೀಯ ನೇತ್ರ ಜ್ಯೋತಿ ಅಭಿಯಾನ. ಅದರಲ್ಲಿ ಇಟ್ಟುಕೊಂಡದ್ದು ಮೂರು ವರ್ಷಕ್ಕೆ 2.7 ಕೋಟಿ ಪೊರೆ ಶಸ್ತ್ರಚಿಕಿತ್ಸೆ. ರಾಜ್ಯ ಸರ್ಕಾರದ ‘ಆಶಾಕಿರಣ’ ಯೋಜನೆಯಲ್ಲೂ ಮನೆ ಮನೆ ತಪಾಸಣೆ, ಉಚಿತ ಕನ್ನಡಕ, ಉಚಿತ ಪೊರೆ ಆಪರೇಷನ್ ಇದೆ. ಇದೆಲ್ಲ ಬೇಕು, ಇನ್ನೂ ಹೆಚ್ಚು ಬೇಕು.

2015-19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರಲ್ಲಿ ಶೇ. 1.99ರಷ್ಟು ಮಂದಿ ಅಂಧರು. ಆ ಅಂಧತ್ವದ ಶೇ. 66.2 ಭಾಗಕ್ಕೆ ಕಾರಣ ಪೊರೆ, ಅಂದರೆ ಆಪರೇಷನ್‌ನಿಂದ ಸರಿಯಾಗುವಂಥದ್ದು. ಆದರೆ ಇಲ್ಲಿ ‘ಅಂಧರು’ ಅಂದರೆ ಯಾರು ಅಂತ ನೋಡಬೇಕು. 2017ರವರೆಗೆ ನಮ್ಮಲ್ಲಿ 6 ಮೀಟರ್ ದೂರದಿಂದ ಬೆರಳು ಎಣಿಸಲಾಗದವರನ್ನು ಅಂಧರು ಅನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದಿಸಲು ಅದನ್ನು 3 ಮೀಟರ್‌ಗೆ ಇಳಿಸಲಾಯಿತು. ಅಳತೆಗೋಲೇ ಬದಲಾದ ಮೇಲೆ ಹಳೆಯ ಅಂಕಿಯ ಪಕ್ಕ ಹೊಸದನ್ನು ಇಟ್ಟು ‘ಇಷ್ಟು ಕಡಿಮೆಯಾಯ್ತು’ ಅನ್ನುವಾಗ ಸ್ವಲ್ಪ ಹುಷಾರಾಗಿರಬೇಕು.

ಇನ್ನೊಂದು ಮಾತು. ಕಣ್ಣಿನ ಡಾಕ್ಟರ್ ಚೀಟಿಯಲ್ಲಿ ಬರೆಯುವ 6/6, 6/18 ಅನ್ನೋದರ ಅರ್ಥ ಬಹಳ ಮಂದಿಗೆ ಯಾರೂ ಹೇಳಿರಲ್ಲ. 6/18 ಅಂದರೆ ಸರಿಯಾದ ಕಣ್ಣು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು ಇವರು 6 ಮೀಟರ್ ಹತ್ತಿರ ಬಂದು ಓದಬೇಕು. ಸರ್ಕಾರದ ಪ್ರಕಾರ ಅಂಧತ್ವ ಶುರುವಾಗೋದು 3/60ಕ್ಕಿಂತ ಕೆಳಗೆ. ಈ ಎರಡರ ನಡುವೆ ದೊಡ್ಡದೊಂದು ಬಯಲಿದೆ. ಅಲ್ಲಿರುವವರು ಅಂಧರಲ್ಲ, ಆದರೆ ಬಸ್ಸಿನ ಬೋರ್ಡ್ ಓದಲಾರರು, ಮೆಟ್ಟಿಲಿನ ಕೊನೆ ಎಲ್ಲಿ ಅಂತ ಕಾಣಲಾರರು, ಎದುರಿಗೆ ಬಂದವರ ಗುರುತು ಹಿಡಿಯಲಾರರು. ಅವರ ಸಂಗಾತಿಯ ದುಡಿಮೆ ಶುರುವಾಗೋದೇ ಈ ಬಯಲಿನಲ್ಲಿ.

ಕಣ್ಣಿನೊಳಗೆ ಆಗೋದೇನು?

ಕಣ್ಣನ್ನು ಕ್ಯಾಮೆರಾ ಅಂದುಕೊಳ್ಳಿ. ವಯಸ್ಸಾಗುತ್ತಾ ಮೂರು ಕಡೆ ಸವೆತ ಬರುತ್ತದೆ. ಮಸೂರ ಗಟ್ಟಿಯಾಗಿ ಹತ್ತಿರದ್ದಕ್ಕೆ ಫೋಕಸ್ ಮಾಡಲಾಗದೆ ಹೋಗುತ್ತದೆ. ಇದೇ ಚಾಳೀಸು. ಪಾಪೆ ಕಿರಿದಾಗಿ ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಮಸೂರ ಹಳದಿಗೆ ತಿರುಗಿ ಬಣ್ಣಗಳು ಮಂಕಾಗುತ್ತವೆ. 60ರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ಕಣ್ಣಿನದರ ಮೂರನೇ ಒಂದು ಭಾಗದಷ್ಟು. ಯಾವ ರೋಗವೂ ಇಲ್ಲದ ಕಣ್ಣಿನ ಮಾತಿದು. ಹಾಗಾಗಿ ‘ಲೈಟ್ ಇದೆಯಲ್ಲಾ, ಮತ್ತೇನು ಕಾಣಲ್ಲ ಅಂತೀರಿ?’ ಅನ್ನುವ ಜಗಳಕ್ಕೆ ಅರ್ಥವಿಲ್ಲ. ಒಂದೇ ಕೋಣೆಯಲ್ಲಿ ಕುಳಿತ ಇಬ್ಬರಿಗೆ ಬೇರೆ ಬೇರೆ ಬೆಳಕು ಸಿಗುತ್ತಿರುತ್ತದೆ.

ರೋಗಗಳದ್ದು ಇನ್ನೊಂದು ಕಥೆ. ಒಂದೊಂದೂ ಮನೆಯೊಳಗೆ ಒಂದೊಂದು ರೀತಿ ಕಾಣಿಸಿಕೊಳ್ಳುತ್ತದೆ.

ಪೊರೆ: ಮಸೂರವೇ ಮಬ್ಬಾಗುವುದು. ಎದುರು ಬರುವ ಗಾಡಿಯ ಲೈಟ್ ಒಡೆದು ಹರಡಿದ ಹಾಗೆ ಕಾಣುತ್ತದೆ, ಕನ್ನಡಕದ ನಂಬರ್ ಪದೇಪದೇ ಬದಲಾಗುತ್ತದೆ. ಕೆಲವರಿಗೆ ಇದ್ದಕ್ಕಿದ್ದ ಹಾಗೆ ಕನ್ನಡಕವಿಲ್ಲದೆ ಪೇಪರ್ ಓದಲು ಬರುತ್ತದೆ. ‘ನಮ್ಮ ಇವರ ಕಣ್ಣು ಸರಿಯಾಯ್ತು’ ಅಂತ ಮನೆಯಲ್ಲಿ ಖುಷಿಪಡುತ್ತಾರೆ. ನಿಜದಲ್ಲಿ ಅದು ಪೊರೆ ಬೆಳೆಯುತ್ತಿರುವ ಲಕ್ಷಣ ಆಗಿರಬಹುದು. ‘ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣ’ ಅನ್ನುವುದು ಹಳೆಯ ಕಾಲದ ಮಾತು. ಈಗಿನ ವಿಧಾನಕ್ಕೆ ಕಾಯಬೇಕಿಲ್ಲ, ದಿನದ ಕೆಲಸಕ್ಕೆ ತೊಂದರೆಯಾಗುತ್ತಿದ್ದರೆ ಅದೇ ಸಮಯ. ತೀರಾ ಬಲಿತ ಪೊರೆ ತೆಗೆಯೋದೇ ಕಷ್ಟ.

ಗ್ಲಾಕೋಮಾ: ಕಣ್ಣಿನ ನರ ಸವೆದು ಅಂಚಿನ ನೋಟ ಹೋಗುವುದು. ಹೆಚ್ಚಿನವರಿಗೆ ನೋವಿರಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ಪಕ್ಕದಲ್ಲಿಟ್ಟ ಲೋಟ ಬೀಳಿಸುವುದು ಶುರುವಾಗುತ್ತದೆ. ಹೋದ ನೋಟ ವಾಪಸ್ ಬರಲ್ಲ. ಡ್ರಾಪ್ಸ್ ಉಳಿದದ್ದನ್ನು ಕಾಯುತ್ತದೆ ಅಷ್ಟೇ. ಅದಕ್ಕೇ ‘ಮೂರು ತಿಂಗಳು ಬಿಟ್ಟೆ, ಏನೂ ವ್ಯತ್ಯಾಸ ಇಲ್ಲ’ ಅಂತ ನಿಲ್ಲಿಸಿಬಿಡುತ್ತಾರೆ. ವ್ಯತ್ಯಾಸ ಕಾಣದೆ ಇರೋದೇ ಆ ಔಷಧಿಯ ಕೆಲಸ ಅಂತ ಮನೆಯಲ್ಲಿ ಯಾರಿಗಾದರೂ ಗೊತ್ತಿರಬೇಕು.

ಸಕ್ಕರೆ ಕಾಯಿಲೆಯ ಕಣ್ಣು: ರಕ್ತನಾಳಗಳು ಸೋರಿ ಅಕ್ಷಿಪಟಲ ಹಾಳಾಗುವುದು. ನೋಟ ಚೆನ್ನಾಗಿರುವಾಗಲೇ ಒಳಗೆ ಹಾನಿ ಶುರುವಾಗಿರುತ್ತದೆ. ಶುಗರ್ ಇದ್ದವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಹಿಂಭಾಗ ತೋರಿಸಿಕೊಳ್ಳಬೇಕು. ಅವತ್ತು ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಒಬ್ಬರೇ ಬಸ್ ಹತ್ತಿ ಬರೋದು ಕಷ್ಟ. ಜೊತೆಗೆ ಜನ ಬೇಕು.

ಮ್ಯಾಕ್ಯುಲಾ ಸವೆತ: ಅಕ್ಷಿಪಟಲದ ನಟ್ಟನಡುವಿನ ಭಾಗ ಹೋಗುವುದು. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರೋದು ಇದರ ಬಗ್ಗೆ. ಅಂಚಿನ ನೋಟ ಉಳಿದಿರುತ್ತದೆ, ಹಾಗಾಗಿ ನೆಲದ ಮೇಲೆ ಬಿದ್ದ ನಾಣ್ಯ ಕಾಣಬಹುದು, ಎದುರು ನಿಂತ ನೆಂಟರ ಮುಖ ಕಾಣಲ್ಲ. ‘ಬೇಕಾದ್ದು ಮಾತ್ರ ಕಾಣ್ತದೆ ಇವರಿಗೆ’ ಅಂತ ಹೆಂಡತಿ, ‘ಗುರುತೇ ಇಲ್ಲದ ಹಾಗೆ ಹೋದರು, ಅಹಂಕಾರ’ ಅಂತ ಊರಿನವರು. ಎರಡೂ ತಪ್ಪು.

ಇನ್ನೊಂದು ವಿಷಯ ಯಾರೂ ಮಾತಾಡಲ್ಲ. ನೋಟ ತುಂಬಾ ಕಡಿಮೆಯಾದ ಕೆಲವರಿಗೆ ಇಲ್ಲದ ಆಕಾರಗಳು ಕಾಣುತ್ತವೆ: ಅಂಗಳದಲ್ಲಿ ಮಕ್ಕಳು, ಗೋಡೆಯ ಮೇಲೆ ಹೂವಿನ ಬಳ್ಳಿ. ಇದಕ್ಕೆ ಚಾರ್ಲ್ಸ್ ಬೊನೆ ಸಿಂಡ್ರೋಮ್ ಅಂತ ಹೆಸರು. 18ನೇ ಶತಮಾನದಲ್ಲಿ ಆ ಹೆಸರಿನ ಸ್ವಿಸ್ ವಿಜ್ಞಾನಿ ತನ್ನ ಅಜ್ಜನಿಗೆ ಆಗುತ್ತಿದ್ದುದನ್ನು ದಾಖಲಿಸಿದ. ಕಣ್ಣಿನಿಂದ ಮಾಹಿತಿ ಬರದೆ ಇದ್ದಾಗ ಮೆದುಳು ತಾನೇ ಚಿತ್ರ ತುಂಬುತ್ತದೆ, ಅಷ್ಟೇ. ಬುದ್ಧಿ ನೆಟ್ಟಗೇ ಇರುತ್ತದೆ. ಆದರೆ ‘ಹುಚ್ಚು ಅಂದುಬಿಟ್ಟಾರು’ ಅಂತ ಹೆದರಿ ಅಜ್ಜಂದಿರು ಬಾಯಿ ಬಿಡಲ್ಲ. ಬಾಯಿ ಬಿಟ್ಟರೆ ಪ್ರೇತಬಾಧೆ ಅಂತ ಪ್ರಶ್ನೆ ಕೇಳಿಸಲು ಓಡುವವರೂ ಉಂಟು. ಮೊದಲು ಹೋಗಬೇಕಾದ್ದು ಕಣ್ಣಿನ ಡಾಕ್ಟರ್ ಹತ್ತಿರ.

ಮನೆಯೊಳಗೆ ಮಾಡಬಹುದಾದ್ದು

ಇವುಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಡ. ಆದರೆ ಯಾರಾದರೂ ಹೇಳಿಕೊಡಬೇಕು.

ಬೆಳಕಿನಿಂದ ಶುರು ಮಾಡೋಣ. ಎಂಜಿನಿಯರಿಂಗ್ ಮೊದಲ ವರ್ಷದ ಫಿಸಿಕ್ಸ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಒಂದು ಬಲ್ಬನ್ನು ಅರ್ಧ ದೂರಕ್ಕೆ ತಂದರೆ ಅದೇ ಬಲ್ಬಿನಿಂದ ನಾಲ್ಕು ಪಟ್ಟು ಬೆಳಕು ಸಿಗುತ್ತದೆ. ಸೀಲಿಂಗ್‌ಗೆ ಇನ್ನೊಂದು ಟ್ಯೂಬ್‌ಲೈಟ್ ಹಾಕುವ ಬದಲು ಓದುವ ಜಾಗದ ಪಕ್ಕ, ತರಕಾರಿ ಹೆಚ್ಚುವ ಕಡೆ ಒಂದು ಟೇಬಲ್ ಲ್ಯಾಂಪ್ ಇಟ್ಟರೆ ಸಾಕು. ಬೆಳಕು ಹೆಗಲ ಹಿಂದಿನಿಂದ ಬರಲಿ, ಕಣ್ಣಿಗೆ ಹೊಡೆಯಬಾರದು. ಕರಾವಳಿಯ ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ಕತ್ತಲೆ ಕವಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲಲ್ಲೂ ಲೈಟ್ ಹಾಕುವುದನ್ನು ದುಂದು ಅಂದುಕೊಳ್ಳಬೇಡಿ.

ಎರಡನೆಯದು ಬಣ್ಣದ ಅಂತರ. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಬಿಳಿ ನೀರುದೋಸೆ ಹಾಕಿಕೊಟ್ಟು ‘ಅರ್ಧ ಬಿಟ್ಟರು’ ಅಂತ ಬೇಜಾರಾಗೋದು ಯಾಕೆ? ಅವರಿಗೆ ಕಂಡಿದ್ದೇ ಅರ್ಧ. ಬಾಳೆ ಎಲೆಯಲ್ಲಿ ಅದೇ ದೋಸೆ ಸ್ಪಷ್ಟವಾಗಿ ಕಾಣುತ್ತದೆ. ಗಾಢ ಬಣ್ಣದ ತಟ್ಟೆ, ಮೆಟ್ಟಿಲುಗಳ ಅಂಚಿಗೆ ಹಳದಿ ಪೇಂಟ್ ಅಥವಾ ಟೇಪ್, ಬಚ್ಚಲಿನ ಬಿಳಿ ಗೋಡೆಗೆ ಬಣ್ಣದ ಹಿಡಿಕೆ, ಬಿಳಿ ಸ್ವಿಚ್‌ಬೋರ್ಡ್ ಸುತ್ತ ಕಪ್ಪು ಟೇಪ್: ಒಂದು ಭಾನುವಾರದ ಕೆಲಸ.

ಮೂರನೆಯದು ಡ್ರಾಪ್ಸ್. ಆಪರೇಷನ್ ಆದ ಮೇಲೆ ಕೆಲವು ವಾರ ದಿನಕ್ಕೆ ಹಲವು ಸಲ, ವಾರದಿಂದ ವಾರಕ್ಕೆ ಕಡಿಮೆ ಮಾಡುತ್ತಾ ಹೋಗಬೇಕು. ಗ್ಲಾಕೋಮಾ ಆದರೆ ಜೀವನಪೂರ್ತಿ. ಒಂದೇ ಗಾತ್ರದ ಎರಡು ಬಾಟಲಿಗಳಿದ್ದರೆ ಒಂದಕ್ಕೆ ರಬ್ಬರ್‌ಬ್ಯಾಂಡ್ ಸುತ್ತಿ, ಕೈಗೇ ಗೊತ್ತಾಗುತ್ತದೆ. ಎರಡು ಬೇರೆ ಔಷಧಿಗಳ ನಡುವೆ ಐದು ನಿಮಿಷವಾದರೂ ಬಿಡಬೇಕು, ಇಲ್ಲದಿದ್ದರೆ ಮೊದಲನೆಯದನ್ನು ಎರಡನೆಯದು ತೊಳೆದುಬಿಡುತ್ತದೆ. ಒಂದು ಹನಿ ಸಾಕು. ಬಿಟ್ಟ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿಹಿಡಿದರೆ ಔಷಧಿ ಗಂಟಲಿಗೆ ಇಳಿಯಲ್ಲ. ಬಾಟಲಿಯ ತುದಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಬಾರದು. ಕೈ ನಡುಗುವ ಹೆಂಡತಿ ಬಿಡುತ್ತಿದ್ದರೆ ಗಂಡನನ್ನು ಮಲಗಿಸಿ, ಅವರ ಹಣೆಯ ಮೇಲೆ ಕೈ ಊರಿ ಬಿಡಲಿ.

ನಾಲ್ಕನೆಯದು ಮಾತು. ‘ಅಲ್ಲಿ ಉಂಟು ನೋಡಿ’ ಅಂದರೆ ಅವರಿಗೆ ಏನೂ ಸಿಗಲ್ಲ. ‘ನಿಮ್ಮ ಬಲಗೈ ಹತ್ತಿರ, ಮೇಜಿನ ತುದಿಯಲ್ಲಿ’ ಅಂದರೆ ಸಿಗುತ್ತದೆ. ಹೊರಗೆ ಹೋಗುವಾಗ ಅವರನ್ನು ಹಿಡಿದು ಎಳೆಯಬೇಡಿ. ಅವರೇ ನಿಮ್ಮ ಮೊಣಕೈ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಮನೆಯಲ್ಲಿ ಕುರ್ಚಿ ಸರಿಸಿದರೆ ಹೇಳಿ. ಮುಖ್ಯವಾಗಿ, ಅವರ ಕೈಯಲ್ಲಿ ಆಗುವ ಕೆಲಸ ಕಸಿದುಕೊಳ್ಳಬೇಡಿ. ತೆಂಗಿನಕಾಯಿ ಸುಲಿಯುವುದಕ್ಕೆ, ಬಟ್ಟೆ ಮಡಚುವುದಕ್ಕೆ ಕಣ್ಣಿಗಿಂತ ಕೈ ಮುಖ್ಯ. ‘ನೀವು ಸುಮ್ನೆ ಕೂತ್ಕೊಳ್ಳಿ’ ಅನ್ನುವ ಪ್ರೀತಿ ಮನುಷ್ಯನನ್ನು ಬೇಗ ಮುದಿಯಾಗಿಸುತ್ತದೆ. ಚಿಕಿತ್ಸೆ ಮಾಡಿಸದೆ ಬಿಟ್ಟ ದೃಷ್ಟಿದೋಷವನ್ನು 2024ರ ಲ್ಯಾನ್ಸೆಟ್ ಆಯೋಗ ಮರೆವಿನ ಕಾಯಿಲೆಯ ಅಪಾಯಕಾರಿ ಅಂಶಗಳ ಪಟ್ಟಿಗೆ ಹೊಸದಾಗಿ ಸೇರಿಸಿದೆ.

ಫೋನ್ ವಿಷಯಕ್ಕೆ ಬನ್ನಿ. ಕೆನರಾ, ಕರ್ಣಾಟಕ, ವಿಜಯಾ ಬ್ಯಾಂಕುಗಳು ಹುಟ್ಟಿದ ಊರು ಇದು, ಬ್ಯಾಂಕ್‌ನಲ್ಲೇ ಆಯುಷ್ಯ ಕಳೆದ ನಿವೃತ್ತರು ಎಷ್ಟೋ ಮಂದಿ ಇದ್ದಾರೆ. ಲೆಡ್ಜರ್‌ನಲ್ಲಿ ಪೈಸೆ ತಪ್ಪದ ಹಾಗೆ ಬರೆದವರು ಈಗ ಒಟಿಪಿ ಓದಲು ಹೆಂಡತಿಯನ್ನು ಕರೆಯಬೇಕು. ಆಂಡ್ರಾಯ್ಡ್ ಫೋನ್‌ನಲ್ಲಿ ಅಕ್ಷರ ದೊಡ್ಡದು ಮಾಡುವ, ಪರದೆಯನ್ನು ಓದಿ ಹೇಳುವ ಸೌಲಭ್ಯ ಒಳಗೇ ಇದೆ, ಕನ್ನಡದಲ್ಲೂ ಓದುತ್ತದೆ. ಅದನ್ನು ಹೊಂದಿಸಿಕೊಡಲು ಕಾಲು ಗಂಟೆ ಸಾಕು. ಹತ್ತು ಬಾರಿ ಹೇಳಿಕೊಡುವ ತಾಳ್ಮೆಯೂ ಬೇಕು.

ಕೆಲವಕ್ಕೆ ಮಾತ್ರ ಕಾಯಬಾರದು: ಇದ್ದಕ್ಕಿದ್ದಂತೆ ನೋಟ ಹೋದರೆ, ಮಿಂಚು ಹೊಡೆದ ಹಾಗಾಗಿ ಪರದೆ ಎಳೆದಂತಾದರೆ, ಕಣ್ಣು ಕೆಂಪಾಗಿ ನೋವು-ವಾಂತಿ ಬಂದು ದೀಪದ ಸುತ್ತ ಬಳೆ ಕಂಡರೆ, ಆಪರೇಷನ್ ಆದ ಕಣ್ಣಿನಲ್ಲಿ ನೋವು ಜಾಸ್ತಿಯಾಗಿ ನೋಟ ಇಳಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ‘ನಾಳೆ ಮಗ ಫೋನ್ ಮಾಡ್ಲಿ, ಕೇಳುವಾ’ ಅಂತ ಕಾದರೆ ಕಣ್ಣು ಉಳಿಯಲಿಕ್ಕಿಲ್ಲ.

ಹಾಗಾದರೆ ಅವಳನ್ನು ನೋಡುವವರು?

ಈವರೆಗೆ ‘ಗಂಡನ ಕಣ್ಣು, ಹೆಂಡತಿಯ ಆರೈಕೆ’ ಅಂತಲೇ ಬರೆದಿದ್ದೇನೆ. ಅದಕ್ಕೆ ಕಾರಣ ಇದೆ. ನಮ್ಮಲ್ಲಿ ಗಂಡ ವಯಸ್ಸಿನಲ್ಲಿ ದೊಡ್ಡವನು, ಹೆಂಡತಿ ಹೆಚ್ಚು ಕಾಲ ಬದುಕುತ್ತಾಳೆ. ಹಾಗಾಗಿ ಮೊದಲ ಪಾಳಿ ಅವಳದ್ದು. ಆದರೆ ಜಗತ್ತಿನ ದೃಷ್ಟಿಹೀನರಲ್ಲಿ ಸುಮಾರು ಶೇ. 55ರಷ್ಟು ಮಂದಿ ಮಹಿಳೆಯರು. ಭಾರತದ ಸಮೀಕ್ಷೆಯಲ್ಲೂ 50 ದಾಟಿದ ಹೆಂಗಸರಲ್ಲೇ ಅಂಧತ್ವ ಹೆಚ್ಚು. ಗಂಡನನ್ನು ಕರೆದುಕೊಂಡು ಕಣ್ಣಿನ ವಿಭಾಗದ ಹೊರಗೆ ಬೆಂಚಿನ ಮೇಲೆ ಕೂರುವ ಹೆಂಗಸಿನ ಕಣ್ಣನ್ನೂ ಅವತ್ತೇ ಯಾಕೆ ನೋಡಬಾರದು? ಇದಕ್ಕೆ ಹೊಸ ಯೋಜನೆಯೇ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಪೊರೆ ಇದ್ದೂ ಯಾಕೆ ಆಪರೇಷನ್ ಮಾಡಿಸಿಕೊಂಡಿಲ್ಲ ಅಂತ ಕೇಳುವ ಸಮೀಕ್ಷೆಗಳ ಉತ್ತರದ ಪಟ್ಟಿಯಲ್ಲೇ ‘ಜೊತೆಗೆ ಬರುವವರಿಲ್ಲ’ ಅನ್ನೋದು ಒಂದು ಆಯ್ಕೆ. ಅವನ ಜೊತೆಗೆ ಅವಳಿರುತ್ತಾಳೆ. ಅವಳ ಸರದಿ ಬಂದಾಗ ಅವನು ಇರುತ್ತಾನಾ, ಇದ್ದರೂ ಅವನಿಗೆ ಕಾಣುತ್ತದಾ ಅನ್ನೋದು ಪ್ರಶ್ನೆ.

ಅವಳ ದುಡಿಮೆಯ ಕಣ್ಣಿನ ಬಗ್ಗೆಯೂ ಹೇಳಬೇಕು. ಮಂಗಳೂರು ಸುತ್ತಮುತ್ತ ಸಾವಿರಾರು ಮನೆಗಳು ನಡೆದಿದ್ದು ಹೆಂಗಸರು ಕಟ್ಟಿದ ಬೀಡಿಯಿಂದ. ಬೀಡಿ ಕಟ್ಟೋದು ಹತ್ತಿರದ ನೋಟದ ಕೆಲಸ. ಸರಿಯಿಲ್ಲದ ಬೀಡಿಯನ್ನು ಬ್ರಾಂಚಿನಲ್ಲಿ ಲೆಕ್ಕದಿಂದ ಕಳೆಯುತ್ತಾರೆ. ಚಾಳೀಸಿಗೆ ಕನ್ನಡಕ ಹಾಕದೆ ಕಟ್ಟಿದರೆ ದಿನದ ಕೂಲಿಗೇ ಹೊಡೆತ. ಅಸ್ಸಾಂನ ಟೀ ಎಲೆ ಕೀಳುವ 40 ದಾಟಿದ ಕಾರ್ಮಿಕರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಅವರ ಉತ್ಪಾದಕತೆ ಶೇ. 21.7ರಷ್ಟು ಹೆಚ್ಚಿತ್ತು. ಬಾಂಗ್ಲಾದೇಶದಲ್ಲಿ ನಡೆದ, 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕನ್ನಡಕ ಸಿಕ್ಕವರ ಆದಾಯವೇ ಶೇ. 33ರಷ್ಟು ಏರಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಕನ್ನಡಕದ ಜಿಎಸ್‌ಟಿಯನ್ನು ಶೇ. 5ಕ್ಕೆ ಇಳಿಸಿದ್ದು ಒಳ್ಳೆಯದೇ. ಆದರೆ ಗಂಡನ ಔಷಧಿ ಮುಗಿದ ಮೇಲೆ ಉಳಿದ ದುಡ್ಡಿನಲ್ಲಿ ತನ್ನ ಕನ್ನಡಕ ಅಂದುಕೊಳ್ಳುವವಳಿಗೆ ತೆರಿಗೆ ಎಷ್ಟಾದರೇನು?

ಕಾನೂನಿನಲ್ಲಿ ಅವಳ ಹೆಸರು ಇದೆ, ಆದರೆ…

2007ರ ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆ ಮಕ್ಕಳ ಹೊಣೆ ಬಗ್ಗೆ ಮಾತಾಡುತ್ತದೆ. ಸಹಾಯಕ ಆಯುಕ್ತರ ನ್ಯಾಯಮಂಡಳಿಗೆ ಹೋಗಿ ಮಾಸಿಕ ಜೀವನಾಂಶ ಕೇಳಬಹುದು. ಆದರೆ ಹಣ ಕಳಿಸುವ ಮಗ ಇದ್ದಾನೆ, ಕೈಹಿಡಿದು ನಡೆಸಲು ಯಾರೂ ಇಲ್ಲ ಅನ್ನುವ ಸಮಸ್ಯೆಗೆ ಅದರಲ್ಲಿ ಉತ್ತರ ಇಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನಷ್ಟು ಸ್ಪಷ್ಟವಾಗಿದೆ. ಸಂಬಳ ಪಡೆದೋ ಪಡೆಯದೆಯೋ ಆರೈಕೆ ಮಾಡುವ ಕುಟುಂಬದವರನ್ನೂ ಅದು ‘ಆರೈಕೆದಾರರು’ ಅಂತಲೇ ಗುರುತಿಸುತ್ತದೆ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಪ್ರಸ್ತಾಪವೂ ಅದರ 24ನೇ ಸೆಕ್ಷನ್‌ನಲ್ಲಿದೆ. ಆದರೆ ‘ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ’ ಅನ್ನುವ ಮಾತೂ ಅಲ್ಲೇ ಇದೆ. ಸೌಲಭ್ಯ ಸಿಗಲು ಶೇ. 40ರ ಪ್ರಮಾಣಪತ್ರ ಬೇಕು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸಿಗುವುದು ಶೇ. 30 ಮಾತ್ರ.

ಕರ್ನಾಟಕ 2024-25ರ ಬಜೆಟ್‌ನಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ. ಪಟ್ಟಿಯಲ್ಲಿ ಕಣ್ಣಿಲ್ಲ. ತಲಪಾಡಿ ದಾಟಿದರೆ ಕೇರಳ. ಅಲ್ಲಿನ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ಹಾಸಿಗೆ ಹಿಡಿದವರ ಜೊತೆಗೆ ನೂರಕ್ಕೆ ನೂರು ದೃಷ್ಟಿ ಕಳೆದುಕೊಂಡವರ ಆರೈಕೆದಾರರಿಗೂ ತಿಂಗಳಿಗೆ 600 ರೂಪಾಯಿ ನಿಗದಿಯಾಗಿದೆ. ಮೊತ್ತ ಚಿಕ್ಕದು. ಆದರೆ ‘ನೀನು ಮಾಡ್ತಿರೋದು ಕೆಲಸ’ ಅಂತ ಸರ್ಕಾರ ಕಾಗದದಲ್ಲಿ ಒಪ್ಪಿಕೊಂಡಿದೆ.

ಈ ಕೆಲಸವನ್ನು ಎಣಿಸುವ ರೀತಿಯಲ್ಲೂ ಕಣ್ಣುತಪ್ಪಿದ್ದು ಇದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯವರ ಆರೈಕೆಯಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸುಮಾರು 140 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 74 ನಿಮಿಷ. ಸರ್ಕಾರ ಎತ್ತಿ ಹೇಳಿದ ಈ ಅಂಕಿ 15ರಿಂದ 59 ವರ್ಷದವರದ್ದು. 60 ದಾಟಿದವರು ಆರೈಕೆ ಪಡೆಯುವವರು ಅಂತಲೇ ನಮ್ಮ ಕಲ್ಪನೆ. ಆರೈಕೆ ಮಾಡುವ 66ರ ಹೆಂಗಸು ಸುದ್ದಿಯ ತಲೆಬರಹಕ್ಕೇ ಬರುವುದಿಲ್ಲ.

ಬಸ್ ಹತ್ತೋದು ಹೇಗೆ?

ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಒಂದು ಒಳ್ಳೆಯದಿದೆ. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಅಂತ ಕೂಗುವುದು ಕಣ್ಣು ಕಾಣದವರಿಗೆ ದೊಡ್ಡ ಉಪಕಾರ. ಆದರೆ ಅದೇ ಬಸ್ ಒಂದು ಕಾಲು ಮೇಲಿಟ್ಟ ತಕ್ಷಣ ಹೊರಡುತ್ತದೆ. ಮೆಟ್ಟಿಲು ಎತ್ತರ, ಅಂಚು ಸವೆದಿರುತ್ತದೆ.

ಇನ್ನು ದುಡ್ಡು. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ ಉಚಿತ. ಆದರೆ ಸರ್ಕಾರಿ ಬಸ್‌ನಲ್ಲಿ ಮಾತ್ರ. ಮಂಗಳೂರು ನಗರದೊಳಗೆ ಓಡುವುದು ಬಹುಪಾಲು ಖಾಸಗಿ ಬಸ್ಸುಗಳು. ಬೆಂಗಳೂರಿನಲ್ಲಿ ಗಂಡನನ್ನು ಆಸ್ಪತ್ರೆಗೆ ಕರೆದೊಯ್ಯುವ ಹೆಂಡತಿಗೆ ಟಿಕೆಟ್ ಇಲ್ಲ, ಕುತ್ತಾರಿನಿಂದಲೋ ಕಾವೂರಿನಿಂದಲೋ ವೆನ್ಲಾಕ್‌ಗೆ ಬರುವವಳಿಗೆ ಹೆಚ್ಚಾಗಿ ಇದೆ. ಆಪರೇಷನ್ ಉಚಿತ, ಆದರೆ ಅದಕ್ಕೆ ಮೊದಲಿನ ಮತ್ತು ನಂತರದ ಭೇಟಿಗಳಿಗೆ ಇಬ್ಬರ ಬಸ್ಸು, ಮಳೆ ಬಂದರೆ ಆಟೋ, ಒಂದು ದಿನದ ಬೀಡಿ ಕೂಲಿ. ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿಯಲ್ಲಿ ಇದು ಎಷ್ಟು ದೊಡ್ಡ ತೂತು ಅಂತ ನೀವೇ ಲೆಕ್ಕ ಹಾಕಿ.

ಹಾಗಾಗಿಯೇ ಎಷ್ಟೋ ಮನೆಗಳಲ್ಲಿ ಸ್ಕೂಟರ್ ಬಿಡುವುದಿಲ್ಲ. ಪಂಪ್‌ವೆಲ್, ನಂತೂರು ಸರ್ಕಲ್‌ಗಳಲ್ಲಿ ಸಂಜೆಯ ಮಳೆಗೆ ಎದುರು ಲೈಟ್ ಹೊಡೆಯುವಾಗ ಪೊರೆ ಬಂದ ಕಣ್ಣಿಗೆ ರಸ್ತೆಯೇ ಕಾಣುವುದಿಲ್ಲ. ಹಿಂದೆ ಕುಳಿತ ಹೆಂಡತಿ ‘ಎಡಕ್ಕೆ, ಗುಂಡಿ ಉಂಟು’ ಅಂತ ದಾರಿ ಹೇಳುತ್ತಾಳೆ. ಸ್ಕೂಟರ್ ಬಿಡಿ ಅನ್ನೋದು ಸುಲಭ. ಬಿಟ್ಟ ಮೇಲೆ ಹೋಗುವುದು ಹೇಗೆ ಅನ್ನುವುದಕ್ಕೆ ನಗರದ ಹತ್ತಿರ ಉತ್ತರ ಇರಬೇಕು.

ಏನು ಕೇಳಬೇಕು?

ಬ್ರಿಟನ್ನಿನ ಹಲವು ಕಣ್ಣಾಸ್ಪತ್ರೆಗಳಲ್ಲಿ ‘ಐ ಕ್ಲಿನಿಕ್ ಲಯಸನ್ ಆಫೀಸರ್’ ಅಂತ ಒಬ್ಬರು ಕೂರುತ್ತಾರೆ. ಡಾಕ್ಟರ್ ‘ಇನ್ನು ಇಷ್ಟೇ’ ಅಂದ ಮೇಲೆ ರೋಗಿ ಮತ್ತು ಮನೆಯವರನ್ನು ಕೂರಿಸಿ ಮುಂದಿನ ಬದುಕಿನ ಬಗ್ಗೆ ಮಾತಾಡುವುದು ಅವರ ಕೆಲಸ. ಬೆಳಕು ಹೇಗೆ, ಭತ್ಯೆ ಎಲ್ಲಿ, ಕೋಲು ಹಿಡಿಯಲು ಯಾರು ಕಲಿಸುತ್ತಾರೆ ಅಂತೆಲ್ಲ. ಅಷ್ಟು ದೂರ ಯಾಕೆ, ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಮಂದದೃಷ್ಟಿಯವರ ಪುನರ್ವಸತಿಗೇ ಪ್ರತ್ಯೇಕ ವಿಭಾಗ ಇದೆ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಇಂತಹ ಒಬ್ಬರನ್ನು ಕೂರಿಸಲು ದೊಡ್ಡ ಯಂತ್ರವೇನೂ ಬೇಡ. ಒಂದು ಹುದ್ದೆ, ಒಂದು ಮೇಜು, ಕನ್ನಡ-ತುಳು-ಬ್ಯಾರಿ-ಕೊಂಕಣಿ ಬರುವ ಒಬ್ಬ ಮನುಷ್ಯ ಸಾಕು.

ಬೇಡಿಕೆಗಳು ಇಷ್ಟು. ಕಣ್ಣಿಗೆ ತೋರಿಸಲು ಬಂದ ಹಿರಿಯರ ಜೊತೆಗಿರುವ ಸಂಗಾತಿಯ ಕಣ್ಣನ್ನೂ ಅದೇ ದಿನ ನೋಡಬೇಕು. ಆರೈಕೆದಾರರ ಭತ್ಯೆಯ ಪಟ್ಟಿಗೆ ತೀವ್ರ ದೃಷ್ಟಿದೋಷ ಸೇರಬೇಕು. ಮಂಗಳೂರು ನಗರದೊಳಗೆ ಆಸ್ಪತ್ರೆಗಳ ದಾರಿಯಲ್ಲಾದರೂ ಸಾಕಷ್ಟು ಸರ್ಕಾರಿ ಬಸ್ ಓಡಬೇಕು. ಡ್ರಾಪ್ಸ್ ಬಿಡುವ ವೇಳಾಪಟ್ಟಿಯನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಬೇಕು. ಎಷ್ಟು ಆಪರೇಷನ್ ಆಯಿತು ಅನ್ನುವ ವರದಿಯಲ್ಲಿ, ಆರು ತಿಂಗಳ ನಂತರ ಎಷ್ಟು ಮಂದಿ ಒಬ್ಬರೇ ಓಡಾಡುತ್ತಿದ್ದಾರೆ ಅನ್ನುವ ಒಂದು ಕಾಲಮ್ ಬರಬೇಕು.

ಇದನ್ನು ಓದುವ ಹೆಚ್ಚಿನವರು ಊರಿನಿಂದ ದೂರ ಇರುವವರು. ನಿಮ್ಮ ಪಾಲಿಗೂ ಕೆಲಸ ಇದೆ. ಈ ಸಲ ಊರಿಗೆ ಹೋದಾಗ ಅಪ್ಪನ ಕಣ್ಣು ಹೇಗಿದೆ ಅಂತ ಅಪ್ಪನನ್ನೇ ಕೇಳಿದರೆ ‘ಏನೂ ತೊಂದರೆ ಇಲ್ಲ’ ಅಂತಾರೆ. ಅಮ್ಮನನ್ನು ಬದಿಗೆ ಕರೆದು ಕೇಳಿ: ರಾತ್ರಿ ಎಷ್ಟು ಸಲ ಏಳ್ತೀರಿ? ಕೊನೆಯ ಸಲ ಒಬ್ಬರೇ ಹೊರಗೆ ಹೋಗಿದ್ದು ಯಾವಾಗ? ನಿಮ್ಮ ಕನ್ನಡಕ ಮಾಡಿಸಿ ಎಷ್ಟು ವರ್ಷ ಆಯ್ತು? ಒಂದು ವಾರ ಡ್ರಾಪ್ಸ್ ಬಿಡುವ ಪಾಳಿ ನೀವು ತಗೊಳ್ಳಿ. ಹಿರಿಯರ ಸಹಾಯವಾಣಿ 14567 ಅನ್ನು ಇಬ್ಬರ ಫೋನಿನಲ್ಲೂ ದೊಡ್ಡ ಅಕ್ಷರದಲ್ಲಿ ಸೇವ್ ಮಾಡಿಕೊಡಿ.

ವಾಪಸ್ ಹೋಗುವ ಮುಂಚೆ ಅಮ್ಮನನ್ನು ಕನ್ನಡಕದ ಅಂಗಡಿಗಲ್ಲ, ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅವತ್ತು ಅಪ್ಪನ ಜೊತೆ ಮನೆಯಲ್ಲಿ ಯಾರಿರಬೇಕು ಅನ್ನುವುದನ್ನೂ ನೀವೇ ಯೋಚಿಸಿ. ಅವಳು ವರ್ಷಗಳಿಂದ ದಿನಾ ಬಿಡಿಸುತ್ತಿರುವ ಲೆಕ್ಕ ಅದು.